ಏನು ಹಚ್ಚಿದ್ರಿ?

ಮಳೆಗಾಲ ಬಂತೆಂದರೆ ಶಿವಮೊಗ್ಗದ ನನ್ನ ಕ್ಲಿನಿಕ್ಕಿಗೆ ಪಂಚೆ ಎತ್ತಿ ಹಿಡಿದುಕೊಂಡೇ ಒಳಗೆ ಬರುವವರು ಜಾಸ್ತಿ. ಹೊಸನಗರದ ಕಡೆಯ ಅಡಿಕೆ ಬೆಳೆಗಾರರೊಬ್ಬರು ಕೂರುವ ಮೊದಲೇ ಶುರು ಮಾಡಿದರು: "ಇಂಬಳ ಕಚ್ಚಿದ್ದು ಡಾಕ್ಟ್ರೇ. ಎರಡು ತಿಂಗಳಾಯ್ತು, ಒಣಗ್ತಾನೇ ಇಲ್ಲ."

ಮೊಣಕಾಲಿನ ಕೆಳಗೆ ಅಂಗೈಯಗಲ ಕೆಂಪು, ಮೇಲೆ ಅಲ್ಲಲ್ಲಿ ಹಕ್ಕಳೆ. "ಏನು ಹಚ್ಚಿದ್ರಿ?" ಎಂದೆ. ಮೊದಲು ಸುಣ್ಣ, ಆಮೇಲೆ ಅರಿಶಿನ, ಕೊನೆಗೆ ಮೆಡಿಕಲ್ ಶಾಪಿನ ಟ್ಯೂಬು.

ಇಂಬಳದ ಗಾಯ ಸಾಮಾನ್ಯವಾಗಿ ಇಷ್ಟು ದಿನ ಎಳೆಯುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಅದು ಒಂದು ರಸ ಬಿಡುತ್ತದೆ. ಹಾಗಾಗಿ ಉದುರಿದ ಮೇಲೂ ರಕ್ತ ಸೋರುತ್ತದೆ, ಕೆಲವು ದಿನ ತುರಿಸುತ್ತದೆ. ಕೆರೆದುಕೊಂಡರೆ ಬ್ಯಾಕ್ಟೀರಿಯಾ ಸೇರಿ ಕೀವಾಗಬಹುದು. ಆ ಹಕ್ಕಳೆ ಜೇನಿನ ಬಣ್ಣದ್ದು, ಸರಿಯಾದ ಔಷಧಿಗೆ ಬೇಗ ಬಗ್ಗುತ್ತದೆ.

ಇವರದು ಬೇರೆ. ಅಂಚು ಸ್ವಲ್ಪ ಉಬ್ಬಿತ್ತು, ಸಣ್ಣಗೆ ಹೊಟ್ಟು ಏಳುತ್ತಿತ್ತು. ಬ್ಲೇಡಿನಲ್ಲಿ ಆ ಅಂಚನ್ನೇ ಕೆರೆದು, ಗಾಜಿನ ಮೇಲಿಟ್ಟು, ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಒಂದು ಹನಿ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಕವಲೊಡೆದ ಫಂಗಸ್ ಎಳೆಗಳು. ಹುಳುಕಡ್ಡಿ! ಟ್ಯೂಬಿನಲ್ಲಿದ್ದ ಸ್ಟೀರಾಯ್ಡ್ ತುರಿಕೆಯನ್ನು ಅಡಗಿಸಿ ಫಂಗಸ್ಸನ್ನು ಸುಮ್ನೆ ಬೆಳೆಯಲು ಬಿಟ್ಟಿತ್ತು.

ತಮಾಷೆ ಏನೆಂದರೆ, ಎಕ್ಸಿಮಾ, ಅಂದರೆ ಇಸುಬು ಆಗಿದ್ದರೆ ಸ್ಟೀರಾಯ್ಡೇ ಮದ್ದು. ಅದೂ ಕಾಲಿನ ಮೇಲೆ ನಾಣ್ಯದ ಹಾಗೆ ದುಂಡಗೆ ಏಳುತ್ತದೆ, ರಸ ಜಿನುಗಿ ಹಕ್ಕಳೆ ಕಟ್ಟುತ್ತದೆ. ಬರಿಗಣ್ಣಿಗೆ ನಾನೂ ಮೋಸ ಹೋಗಿದ್ದೇನೆ. ಬೆಳ್ಳಿಯಂಥ ದಪ್ಪ ಹೊಟ್ಟಿದ್ದರೆ ಸೋರಿಯಾಸಿಸ್ ಎಂಬ ಚರ್ಮರೋಗ ನೆನಪಾಗುತ್ತದೆ. ಪಾದದ ಗಂಟಿನ ಒಳಬದಿ ಕಂದಾಗಿ, ಸಂಜೆಗೆ ಕಾಲು ಊದುತ್ತಿದ್ದರೆ ಉಬ್ಬಿದ ರಕ್ತನಾಳದ ತೊಂದರೆ.

ಹಕ್ಕಳೆ ಕಪ್ಪಗಿದ್ದು, ನೋವೇ ಇಲ್ಲದೆ, ಸಿಗರೇಟಿನಿಂದ ಸುಟ್ಟ ಹಾಗೆ ಕಂಡರೆ, ಜೊತೆಗೆ ಜ್ವರ ತಲೆನೋವು ಇದ್ದರೆ ನಾನು ಕಾಯುವುದಿಲ್ಲ. ಅದು ಸ್ಕ್ರಬ್ ಟೈಫಸ್ ಇರಬಹುದು. ಪೊದೆಯ ಸಣ್ಣ ನುಸಿಮರಿ ಕಚ್ಚಿ ಬರುವ ಇದು ಡಾಕ್ಸಿಸೈಕ್ಲಿನ್‌ಗೆ ಬಗ್ಗುತ್ತದೆ, ತಡವಾದರೆ ಜೀವಕ್ಕೆ ಕುತ್ತು. ನಮ್ಮ ಜನಕ್ಕೆ ಮಂಗನ ಕಾಯಿಲೆಯ ಹೆದರಿಕೆ ಜಾಸ್ತಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ್ದಲ್ವಾ? ಆದರೆ ಉಣುಗಿನಿಂದ ಬರುವ ಆ ಜ್ವರದಲ್ಲಿ ಇಂಥ ಕಪ್ಪು ಹಕ್ಕಳೆ ಇರುವುದಿಲ್ಲ.

ತಿಂಗಳು ಕಳೆದರೂ ಮಾಯದ ಗಾಯ, ಮುಟ್ಟಿದರೆ ರಕ್ತ, ಗಟ್ಟಿಯಾದ ಅಂಚು, ಅಥವಾ ಹಳೇ ಸುಟ್ಟ ಕಲೆಯ ಮೇಲೆ ಹೊಸ ಹುಣ್ಣು: ಇಂಥದ್ದಕ್ಕೆ ಚೂರು ಚರ್ಮ ತೆಗೆದು ಬಯಾಪ್ಸಿಗೆ ಕಳಿಸುತ್ತೇನೆ. ಕ್ಯಾನ್ಸರೂ ಹೀಗೆ ಬರುತ್ತದೆ.

ಬೆಳೆಗಾರರು ತಿಂಗಳು ಬಿಟ್ಟು ಬಂದರು. ಕಾಲಲ್ಲಿ ಕಂದು ಕಲೆ ಮಾತ್ರ ಉಳಿದಿತ್ತು. "ಆ ಟ್ಯೂಬು ಬಿಸಾಕಿದ್ರಾ?" ಎಂದೆ.

"ಇಲ್ಲ ಡಾಕ್ಟ್ರೇ, ಮನೆಯವಳು ತೆಗೆದಿಟ್ಟಿದ್ದಾಳೆ. ಮೊಮ್ಮಗನಿಗೂ ತುರಿಕೆ ಅಂತೆ."