ಸ್ಪ್ರಿಂಗಿಗೆ ಕೈ ಹಾಕುವ ಮೊದಲು

"ಸೊಂಟ ಹಿಡ್ಕೊಂಡುಬಿಟ್ಟಿದೆ ಸಾರ್, ಮೆತ್ತಗಿರೋ ಸ್ಪ್ರಿಂಗ್ ಹಾಕಿಕೊಡಿ." ಬೆಂಗಳೂರಿನಲ್ಲಿ ಸ್ಪೋರ್ಟ್ಸ್ ಕಾರು ಓಡಿಸುವವರು ನನ್ನ ಗ್ಯಾರೇಜಿಗೆ ಬಂದು ಕೇಳುವುದು ಹೆಚ್ಚಾಗಿ ಇದನ್ನೇ. ನಾನು ಮೊದಲು ಕೂತು ನೋಡುವುದು ಟೈರನ್ನು.

ಕಳೆದ ಮಳೆಗಾಲದಲ್ಲಿ ಒಂದು ಪೋರ್ಷೆ 718 ಬಾಕ್ಸ್‌ಸ್ಟರ್ ಬಂದಿತ್ತು. 20 ಇಂಚಿನ ಅಲಾಯ್, ಮುಂದೆ 235/35 ಟೈರು. 235 ಮಿ.ಮೀ. ಅಗಲದಲ್ಲಿ ಶೇ 35 ಅಂದರೆ ರಿಮ್ಮಿಗೂ ರಸ್ತೆಗೂ ನಡುವೆ ಇರುವುದು ಬರೀ 82 ಮಿ.ಮೀ. ಇದೇ ಕಾರಿನ ಬೇಸ್ ಮಾಡೆಲ್‌ಗೆ ಕಂಪನಿಯೇ ಕೊಡುತ್ತಿದ್ದ 18 ಇಂಚಿನ ಚಕ್ರದಲ್ಲಿ 235/45 ಟೈರು ಕೂರುತ್ತದೆ. ಅಲ್ಲಿ ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಗೋಡೆ, 106 ಮಿ.ಮೀ. ಹೊರಸುತ್ತು ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಸ್ಪೀಡೋಮೀಟರಿಗೂ ತೊಂದರೆಯಿಲ್ಲ. ಗುಂಡಿಯ ಅಂಚಿನ ಮೊದಲ ಏಟು ತಿನ್ನುವುದು ಆ ಎತ್ತರವೇ. ಚಕ್ರ ಹಗುರವಾದಷ್ಟೂ ರಸ್ತೆಯ ಏರುತಗ್ಗನ್ನು ಚುರುಕಾಗಿ ಹಿಂಬಾಲಿಸುತ್ತದೆ, ಭಾರವಾದರೆ ಏಟು ನೇರ ಬಾಡಿಗೆ ದಾಟುತ್ತದೆ. ಚಿಕ್ಕ ರಿಮ್, ಡಿಸ್ಕನ್ನು ಅಮುಕಿ ಹಿಡಿಯುವ ಬ್ರೇಕ್ ಕ್ಯಾಲಿಪರಿಗೆ ತಾಗುವುದಿಲ್ಲವೇ ಎಂದು ಮಾತ್ರ ಖರೀದಿಗೆ ಮೊದಲೇ ನೋಡಿಕೊಳ್ಳಿ.

ಆ ಕಾರಿನಲ್ಲಿ ಇನ್ನೊಂದು ಸಮಸ್ಯೆಯೂ ಇತ್ತು. ಹಿಂದಿನ ಮಾಲೀಕರು ಕಾರನ್ನು ತಗ್ಗಿಸುವ ಲೋಯರಿಂಗ್ ಸ್ಪ್ರಿಂಗ್ ಹಾಕಿಸಿದ್ದರು. ಶಾಕ್ ಅಬ್ಸಾರ್ಬರಿಗೆ ಧೂಳು ತಡೆಯುವ ಡಸ್ಟ್ ಬೂಟ್ ಎತ್ತಿದರೆ, ಒಳಗಿನ ಬಂಪ್ ಸ್ಟಾಪ್, ಅಂದರೆ ಶಾಕ್ ಪೂರ್ತಿ ಕುಗ್ಗಿದಾಗ ಏಟು ತಡೆಯುವ ಫೋಮ್ ತುಂಡು, ಚಹಾದಲ್ಲಿ ನೆನೆದ ಬಿಸ್ಕತ್ತಿನಂತೆ ಬೆರಳಲ್ಲೇ ಪುಡಿಯಾಯಿತು. ಕಾರು ತಗ್ಗಿದಷ್ಟೂ ಚಕ್ರ ಮೇಲೇಳಲು ಜಾಗ ಕಡಿಮೆ. ರಸ್ತೆಗಳ ಅಳತೆ-ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪು 3.7 ಮೀ. ಉದ್ದ, 10 ಸೆಂ.ಮೀ. ಎತ್ತರ, ನಮ್ಮ ಅಡ್ಡರಸ್ತೆಗಳಲ್ಲಿ ಸಿಗುವುದು ಗೋಡೆಯಂಥ ದಿಬ್ಬ. ಅದನ್ನು ಹತ್ತುವಾಗ ಕಾರು ಕೂರುವುದು ಬಂಪ್ ಸ್ಟಾಪಿನ ಮೇಲೆ. ಈಗಿನ ಮಾಲೀಕರು ಸ್ಪ್ರಿಂಗ್ ಗಟ್ಟಿ ಅಂದುಕೊಂಡಿದ್ದು ಇದನ್ನೇ. ಅದೇ ಎತ್ತರದಲ್ಲಿ ಮೆತ್ತನೆಯ ಸ್ಪ್ರಿಂಗ್ ಹಾಕಿದ್ದರೆ ಇನ್ನೂ ಬೇಗ ತಳ ಕಚ್ಚುತ್ತಿತ್ತು.

ಇದನ್ನು ತಿಳಿಯಲು ದುಬಾರಿ ಯಂತ್ರ ಬೇಡ. ಹೊಸ ಬಂಪ್ ಸ್ಟಾಪ್ ಹಾಕಿ, ಶಾಕಿನ ರಾಡಿಗೆ ಒಂದು ಕೇಬಲ್ ಟೈ (ಪ್ಲಾಸ್ಟಿಕ್ ಪಟ್ಟಿ) ಕಟ್ಟಿ ಕೆಳಗೆ ಒತ್ತಿಟ್ಟೆ. ಶಾಕ್ ಕುಗ್ಗಿದಷ್ಟೂ ಅದು ಮೇಲೇರಿ ಅಲ್ಲೇ ನಿಲ್ಲುತ್ತದೆ. ಎರಡು ದಿನ ಆಫೀಸಿಗೆ ಓಡಿಸಿ ತಂದರು. ಟೈ ಮೇಲೇರಿ ಬಂಪ್ ಸ್ಟಾಪಿಗೇ ಒತ್ತಿಕೊಂಡು ನಿಂತಿತ್ತು.

ಅಡ್ಜಸ್ಟಬಲ್ ಶಾಕ್ ಇರುವವರು ರೀಬೌಂಡನ್ನು, ಅಂದರೆ ಕುಗ್ಗಿದ ಶಾಕ್ ಮತ್ತೆ ಹಿಗ್ಗುವುದನ್ನು ತಡೆಯುವ ಸೆಟ್ಟಿಂಗನ್ನು, ಬಿಗಿ ಮಾಡಿ ಕೆಡಿಸಿಕೊಳ್ಳುತ್ತಾರೆ. ರಂಬಲ್ ಸ್ಟ್ರಿಪ್‌ನ ಸಾಲು ಉಬ್ಬುಗಳಲ್ಲಿ ಚಕ್ರ ಕೆಳಗಿಳಿಯುವ ಮೊದಲೇ ಮುಂದಿನ ಏಟು ಬೀಳುತ್ತದೆ, ಕಾರು ಕುಗ್ಗುತ್ತಲೇ ಹೋಗುತ್ತದೆ. ಶಾಕಿನ ತಿರುಪನ್ನು ಎರಡು ಕ್ಲಿಕ್ ಸಡಿಲಿಸಿ ನೋಡಿ. ಟೈರಿನ ಗಾಳಿ ಬೆಳಿಗ್ಗೆ ತಣ್ಣಗಿದ್ದಾಗ ಕಂಪನಿ ಹೇಳಿದಷ್ಟಿರಲಿ. ಮೆತ್ತಗಾಗಲೆಂದು ಅದಕ್ಕಿಂತ ಇಳಿಸಿದವರ ರಿಮ್ಮುಗಳನ್ನು ನೆಟ್ಟಗೆ ಮಾಡಿಕೊಟ್ಟು ಸಾಕಾಗಿದೆ. ಗಾಳಿ ಹೋದರೂ ಸ್ವಲ್ಪ ದೂರ ಓಡುವ ರನ್‌ಫ್ಲಾಟ್ ಟೈರಿನ ಸೈಡ್‌ವಾಲ್ ಹುಟ್ಟಾ ಬಿರುಸು. ಸಾಮಾನ್ಯ ಟೈರಿಗೆ ಬದಲಾಯಿಸಿದರೆ ಮೊದಲ ಕಿಲೋಮೀಟರಿನಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ, ಪಂಕ್ಚರ್ ಕಿಟ್ ಮಾತ್ರ ಡಿಕ್ಕಿಯಲ್ಲಿರಲಿ.

ಬಾಕ್ಸ್‌ಸ್ಟರಿಗೆ ಮೂಲ ಸ್ಪ್ರಿಂಗ್ ಮರಳಿ ಹಾಕಿದೆ, 18 ಇಂಚಿನ ಚಕ್ರ ಕೂರಿಸಿ ಅಲೈನ್‌ಮೆಂಟ್ ಮಾಡಿಸಿದೆ, ಕೇಬಲ್ ಟೈಯನ್ನು ಮತ್ತೆ ಕೆಳಗೆ ಒತ್ತಿಟ್ಟೆ. ಹದಿನೈದು ದಿನ ಬಿಟ್ಟು ಮತ್ತೆ ಜಾಕ್ ಮೇಲೆ ಎತ್ತಿದಾಗ, ಕೇಬಲ್ ಟೈ ಬಂಪ್ ಸ್ಟಾಪಿನಿಂದ ಎರಡು ಬೆರಳು ಕೆಳಗಿತ್ತು.