39 ಅಥವಾ 40? ಲ್ಯಾಬಿಗೂ ಒಂದು ಪರೀಕ್ಷೆ

ಹಂಟಿಂಗ್ಟನ್ ಅನ್ನುವುದು ಮಿದುಳಿನ ನರಕೋಶಗಳನ್ನು ನಿಧಾನಕ್ಕೆ ಹಾಳು ಮಾಡುವ, ವಂಶದಲ್ಲಿ ಹರಿದು ಬರುವ ಕಾಯಿಲೆ. ಅದರ ಜೀನ್ ಪತ್ತೆಯಾಗಿದ್ದು 1993ರಲ್ಲಿ. ಆ ಜೀನಿನ ಒಂದು ಜಾಗದಲ್ಲಿ ಸಿಎಜಿ ಅನ್ನೋ ಡಿಎನ್‌ಎಯ ಮೂರಕ್ಷರ ಮತ್ತೆ ಮತ್ತೆ ಸಾಲಾಗಿ ಬರುತ್ತದೆ. 26 ಸಲದವರೆಗೆ ಇದ್ದರೆ ಯಾವ ತೊಂದರೆಯೂ ಇಲ್ಲ. 36ರಿಂದ 39 ಇದ್ದರೆ ಕಾಯಿಲೆ ಬರಬಹುದು, ಬಾರದೆಯೂ ಇರಬಹುದು. 40 ಅಥವಾ ಜಾಸ್ತಿ ಇದ್ದರೆ, ತುಂಬು ಆಯುಷ್ಯ ಬದುಕಿದವರಿಗೆ ಬಂದೇ ಬರುತ್ತದೆ. ಲ್ಯಾಬಿನವರು ಒಂದೇ ಒಂದು ಎಣಿಕೆ ತಪ್ಪಿದರೂ ಮನೆಯವರಿಗೆ ಹೇಳುವ ಮಾತೇ ಬೇರೆಯಾಗುತ್ತದೆ.

ಶುಗರ್ ರಿಪೋರ್ಟ್ ಮೇಲೆ ಅನುಮಾನ ಬಂದರೆ ನಾಳೆ ಮತ್ತೆ ರಕ್ತ ಕೊಡುತ್ತೇವೆ. ಜೀನ್ ಪರೀಕ್ಷೆ ಹಾಗಲ್ಲ, ಬಹುತೇಕ ಜೀವಮಾನಕ್ಕೆ ಒಂದೇ ಸಲ. ತಪ್ಪಿದ್ದರೂ ಹಿಡಿಯುವವರು ಯಾರು?

ಇದಕ್ಕೆಂದೇ ಹೊರಗಿನವರು ಲ್ಯಾಬುಗಳಿಗೆ ಪರೀಕ್ಷೆ ಇಡುತ್ತಾರೆ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿರುವ ಇಎಂಕ್ಯೂಎನ್ ಅಂಥದ್ದೊಂದು ಸಂಸ್ಥೆ. ಉತ್ತರ ಮೊದಲೇ ಗೊತ್ತಿರುವ ಡಿಎನ್‌ಎ ಸ್ಯಾಂಪಲ್‌ಗಳನ್ನು ಬೇರೆ ಬೇರೆ ಲ್ಯಾಬುಗಳಿಗೆ ಕಳಿಸುತ್ತಾರೆ. ಜೊತೆಗೆ ಒಂದು ಕಟ್ಟುಕಥೆಯೂ ಇರುತ್ತದೆ: ರೋಗಿಗೆ ಇಷ್ಟು ವಯಸ್ಸು, ಅಪ್ಪನಿಗೆ ಈ ಕಾಯಿಲೆ ಇತ್ತು, ಡಾಕ್ಟರ್ ಕೇಳಿರುವುದು ಇದನ್ನು. ಲ್ಯಾಬು ಎಂದಿನಂತೆ ಪರೀಕ್ಷೆ ಮಾಡಿ ಪೂರ್ತಿ ರಿಪೋರ್ಟ್ ಬರೆದು ಕಳಿಸಬೇಕು. ಅದೇ ಕ್ಷೇತ್ರದ ತಜ್ಞರು ಅಂಕ ಹಾಕುತ್ತಾರೆ.

ಎಣಿಕೆ ಸರಿಯಿದ್ದ ಮಾತ್ರಕ್ಕೆ ಪಾಸಾಗುವುದಿಲ್ಲ. ನನಗೆ ಇಡೀ ಏರ್ಪಾಟಿನಲ್ಲಿ ಇದೇ ಜಾಣತನ ಅನ್ನಿಸುವುದು. ಹೆಸರು, ಹುಟ್ಟಿದ ತಾರೀಖು ಸರಿಯಾಗಿವೆಯಾ? ಡಾಕ್ಟರ್ ಕೇಳಿದ ಪ್ರಶ್ನೆಗೇ ಉತ್ತರ ಸಿಕ್ಕಿದೆಯಾ? 38 ಬಂದಿದ್ದರೆ ಸುಮ್ನೆ ‘ಪಾಸಿಟಿವ್’ ಅಂತ ಬರೆದು ಕೈತೊಳೆದುಕೊಂಡರಾ, ಅಥವಾ ಅದರ ಅರ್ಥ ಬಿಡಿಸಿ ಹೇಳಿದರಾ? ಯಂತ್ರ ಸರಿಯಾಗಿ ಓದಿದ್ದನ್ನು ಮನುಷ್ಯರು ಟೈಪ್ ಮಾಡುವಾಗ ಕೆಡಿಸಬಹುದು ಅಲ್ವಾ?

ಯಂತ್ರದ ಕಡೆಯಿಂದಲೂ ಎಡವಟ್ಟು ಇಲ್ಲದಿಲ್ಲ. ನಮಗೆ ಪ್ರತಿ ಜೀನಿಗೂ ಎರಡು ಪ್ರತಿ, ಅಪ್ಪನದೊಂದು, ಅಮ್ಮನದೊಂದು. ಎರಡರಲ್ಲೂ ಸಿಎಜಿ ಸಂಖ್ಯೆ ಒಂದೇ ಆಗಿದ್ದರೆ ಪರದೆಯ ಮೇಲೆ ಒಂದೇ ಗೆರೆ ಕಾಣುತ್ತದೆ. ಆದರೆ ಒಂದು ಪ್ರತಿ ತೀರಾ ಉದ್ದವಾಗಿದ್ದು, ಪಿಸಿಆರ್ (ಪರೀಕ್ಷೆಗಾಗಿ ಡಿಎನ್‌ಎಯನ್ನು ನಕಲು ಮಾಡುವ ವಿಧಾನ) ಅದನ್ನು ನಕಲು ಮಾಡಲು ಸೋತರೂ ಕಾಣುವುದು ಒಂದೇ ಗೆರೆ. ಅದನ್ನು ‘ಎರಡೂ ನಾರ್ಮಲ್’ ಅಂತ ಓದಿಬಿಟ್ಟರೆ ಕಾಯಿಲೆ ತಂದಿರುವ ಪ್ರತಿಯೇ ರಿಪೋರ್ಟಿನಿಂದ ಮಾಯ. ಒಂದೇ ಗೆರೆ ಕಂಡಾಗ ಇನ್ನೊಂದು ವಿಧಾನದಲ್ಲಿ ಖಾತ್ರಿ ಮಾಡಿಕೊಳ್ಳುವುದು ಒಳ್ಳೆಯ ಲ್ಯಾಬಿನ ಪದ್ಧತಿ.

ಭಾರತದಲ್ಲಿ ಲ್ಯಾಬುಗಳಿಗೆ ಮಾನ್ಯತೆ ಕೊಡುವುದು ಎನ್‌ಎಬಿಎಲ್. ಅದು ನೋಡುವುದು ಐಎಸ್‌ಒ 15189 ಎಂಬ ಅಂತರರಾಷ್ಟ್ರೀಯ ಮಾನದಂಡವನ್ನು. ಇಂಥ ಹೊರಗಿನ ಪರೀಕ್ಷೆಗೆ ಕೂರಬೇಕು ಅನ್ನುವುದು ಅದರಲ್ಲೇ ಇದೆ. ಆದರೆ ಮಾನ್ಯತೆ ಸಿಗುವುದು ಇಡೀ ಲ್ಯಾಬಿಗಲ್ಲ, ಪಟ್ಟಿಯಲ್ಲಿರುವ ಪರೀಕ್ಷೆಗಳಿಗೆ ಮಾತ್ರ. ಗೋಡೆ ಮೇಲೆ ಸರ್ಟಿಫಿಕೇಟ್ ತೂಗುತ್ತಿದ್ದರೂ ನೀವು ಮಾಡಿಸುತ್ತಿರುವ ಜೀನ್ ಪರೀಕ್ಷೆ ಆ ಪಟ್ಟಿಯಲ್ಲಿ ಇಲ್ಲದಿರಬಹುದು. ಪಟ್ಟಿ ಎನ್‌ಎಬಿಎಲ್ ವೆಬ್‌ಸೈಟಿನಲ್ಲಿ ನೋಡಲು ಸಿಗುತ್ತದೆ.