ಕಮ್ಮಾರಿಕೆಯ ಮೊದಲ ಪಾಠಕ್ಕೆ ಚಾಕು ಬೇಡ, ಬೆಂಕಿ ಕೆದಕುವ ಸಲಾಕೆ ಸಾಕು

ಓದುಗರ ಪ್ರಶ್ನೆ: ಕಮ್ಮಾರಿಕೆ ಕಲಿಯುವ ಆಸೆಯಿಂದ ಸಣ್ಣ ಕುಲುಮೆ, ಅಡಿಗಲ್ಲು (ಕಾದ ಕಬ್ಬಿಣವನ್ನು ಇಟ್ಟು ಬಡಿಯುವ ಕಬ್ಬಿಣದ ದಿಮ್ಮಿ), ಸುತ್ತಿಗೆ ಹೊಂದಿಸಿಕೊಂಡಿದ್ದೇನೆ. ಚಾಕು ಮಾಡಬೇಕೆಂಬುದು ನನ್ನ ಬಯಕೆ. ಆದರೆ ಬಲ್ಲವರೆಲ್ಲ ‘ಮೊದಲು ಅಗ್ಗಿಷ್ಟಿಕೆಯ ಸಲಕರಣೆಗಳನ್ನು ಮಾಡು’ ಎನ್ನುತ್ತಾರೆ. ಬೆಂಕಿ ಕೆದಕುವ ಸಲಾಕೆ, ಬೂದಿ ಎತ್ತುವ ಸಲಿಕೆ, ಕೊರಡು ಹಿಡಿಯುವ ಇಕ್ಕಳ ಇವುಗಳಿಂದ ಕಲಿಯುವುದಾದರೂ ಏನು? ಎಲ್ಲಿಂದ ಆರಂಭಿಸಬೇಕು?

ಉತ್ತರ: ಬಲ್ಲವರ ಮಾತು ಸರಿ, ಕೇಳಿ. ಚಾಕುವಿಗೆ ಬೇಕಾದ ಉಕ್ಕಿನಲ್ಲಿ ಇಂಗಾಲದ ಅಂಶ ಶೇ. 0.6ರಿಂದ 1ರವರೆಗೆ ಇರುತ್ತದೆ. ಆ ಉಕ್ಕು ಮುಂಗೋಪಿ. ಕಾವು ಹೆಚ್ಚಾದರೆ ಪುಡಿಯಾಗುತ್ತದೆ, ಕಡಿಮೆಯಾದಾಗ ಬಡಿದರೆ ಬಿರುಕು ಬಿಡುತ್ತದೆ. ಎಲ್ಲವನ್ನೂ ಸರಿಯಾಗಿ ಬಡಿದು ಮುಗಿಸಿದ ಮೇಲೂ ಹದ ಹಾಕುವಾಗ, ಅಂದರೆ ಗಡುಸಾಗಲೆಂದು ಕಾಯಿಸಿ ಅದ್ದುವಾಗ, ನೀರಿನಲ್ಲೋ ಎಣ್ಣೆಯಲ್ಲೋ ಸೀಳಿಹೋಗಬಹುದು. ತಪ್ಪು ಸುತ್ತಿಗೆಯದೋ ಬೆಂಕಿಯದೋ ಹದದ್ದೋ ಎಂದು ಹೊಸಬನಿಗೆ ಗೊತ್ತಾಗುವುದೇ ಇಲ್ಲ. ಅಗ್ಗಿಷ್ಟಿಕೆಯ ಸಲಕರಣೆಗಳಿಗೆ ಬೇಕಾದದ್ದು ಮೆದು ಉಕ್ಕು. ಅದರಲ್ಲಿ ಇಂಗಾಲ ಶೇ. 0.25ಕ್ಕಿಂತ ಕಡಿಮೆ. ಅದನ್ನು ಹತ್ತು ಸಲ ಕಾಯಿಸಬಹುದು, ಬಾಗಿಸಿ ಮತ್ತೆ ನೆಟ್ಟಗೆ ಮಾಡಬಹುದು. ಹದ ಹಾಕುವ ಪ್ರಶ್ನೆಯೇ ಇಲ್ಲ, ಏಕೆಂದರೆ ದಿನವೂ ಕೆಂಡದಲ್ಲಿ ಆಡುವ ಸಲಾಕೆಗೆ ಹಾಕಿದ ಹದ ಉಳಿಯುವುದೂ ಇಲ್ಲ.

ಇನ್ನೊಂದು ಕಾರಣವನ್ನು ಹೆಚ್ಚಿನವರು ಹೇಳುವುದೇ ಇಲ್ಲ, ನನಗೆ ಅದೇ ಮುಖ್ಯವೆನಿಸುತ್ತದೆ: ಸಲಾಕೆ ಉದ್ದವಾಗಿರುತ್ತದೆ. ಎಂಟುನೂರು ಮಿಲಿಮೀಟರ್ ಸರಳಿನ ಒಂದು ತುದಿ ಹಳದಿಗೆ ತಿರುಗಿದ್ದರೂ ಇನ್ನೊಂದು ತುದಿಯನ್ನು ಕೈಯಲ್ಲಿ ಹಿಡಿದು ಕೆಲಸ ಮಾಡಬಹುದು. ಗಿಡ್ಡ ತುಂಡನ್ನು ಇಕ್ಕಳದಲ್ಲಿ ಹಿಡಿಯಬೇಕು, ಆ ಇಕ್ಕಳ ತುಂಡಿನ ಅಳತೆಗೆ ಸರಿಯಾಗಿ ಕೂರಬೇಕು. ಹೊಸಬರ ಬಳಿ ಅಂಥ ಇಕ್ಕಳ ಇರುವುದಿಲ್ಲ. ಸಡಿಲ ಹಿಡಿತದಿಂದ ಕಾದ ಕಬ್ಬಿಣ ಜಾರಿ ಕಾಲಿನ ಬಳಿ ಬೀಳುವ ಭಯದಲ್ಲಿ ಏಟು ಎಂದೂ ಸರಿಯಾಗಿ ಬೀಳುವುದಿಲ್ಲ. ಭಯವಿಲ್ಲದ ಕೈ ಮಾತ್ರ ಕಬ್ಬಿಣ ಹೇಗೆ ಸರಿಯುತ್ತದೆ ಎಂಬುದನ್ನು ಗಮನಿಸಬಲ್ಲದು.

ಸಾಮಗ್ರಿಯ ಬಗ್ಗೆ ಎರಡು ಮಾತು. 12 ಮಿಲಿಮೀಟರ್ ಚೌಕದ ಮೆದು ಉಕ್ಕಿನ ಸರಳು ತೆಗೆದುಕೊಳ್ಳಿ. ಮೀಟರಿಗೆ ಸುಮಾರು 1.13 ಕಿಲೋ ತೂಗುತ್ತದೆ, ಕೈಗೆ ಹಿತವಾಗಿರುತ್ತದೆ. ಕಾಂಕ್ರೀಟಿಗೆ ಹಾಕುವ ಸರಳು ಬೇಡ. ಅದರ ಗುಣ ತುಂಡಿನಿಂದ ತುಂಡಿಗೆ ಬದಲಾಗಬಹುದು, ಕಲಿಯುವವನಿಗೆ ಅದರಿಂದ ಗೊಂದಲವೇ ಹೆಚ್ಚು. ಸತು ಲೇಪಿಸಿದ ಕೊಳವೆ, ಪಟ್ಟಿಗಳನ್ನಂತೂ ಕುಲುಮೆಯ ಹತ್ತಿರವೂ ತರಬೇಡಿ. ಸತು 907 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ಕುಲುಮೆಯ ಕಾವು ಅದನ್ನು ಸುಲಭವಾಗಿ ದಾಟುತ್ತದೆ. ಆ ಹೊಗೆ ಕುಡಿದವರಿಗೆ ಕೆಲವು ಗಂಟೆಗಳಲ್ಲಿ ಚಳಿಜ್ವರ ಬರುತ್ತದೆ.

ಈಗ ಬೆಂಕಿ. ಮೆದು ಉಕ್ಕನ್ನು ಬಡಿಯಲು ಒಳ್ಳೆಯ ಕಾವು 1100ರಿಂದ 1200 ಡಿಗ್ರಿ, ಅಂದರೆ ಕಿತ್ತಳೆ ದಾಟಿ ಹಳದಿಗೆ ಬರುವ ಬಣ್ಣ. ಮಂದ ಕೆಂಪಿಗೆ ಇಳಿದ ಕೂಡಲೇ ಸುತ್ತಿಗೆ ನಿಲ್ಲಿಸಿ, ಮತ್ತೆ ಬೆಂಕಿಗೆ ಇಡಿ. ಹೊಸಬರು ಮಾಡುವ ಅತಿ ಸಾಮಾನ್ಯ ತಪ್ಪು ತಣ್ಣಗಾಗುತ್ತಿರುವ ಕಬ್ಬಿಣವನ್ನು ಹಟ ಹಿಡಿದು ಬಡಿಯುವುದು. ಆಗ ತೋಳು ದಣಿಯುತ್ತದೆ, ಕಬ್ಬಿಣ ಮಿಸುಕುವುದಿಲ್ಲ. ಬಿಸಿಲಿನಲ್ಲಿ ಬಣ್ಣ ತಿಳಿಯದು, ಆದ್ದರಿಂದ ಕುಲುಮೆ ನೆರಳಿನಲ್ಲಿರಲಿ, ಗಾಳಿ ಮಾತ್ರ ಚೆನ್ನಾಗಿ ಆಡುತ್ತಿರಲಿ. ಇದ್ದಿಲು ಅಥವಾ ಕಲ್ಲಿದ್ದಲಿನ ಕುಲುಮೆಯಾದರೆ ಸರಳನ್ನು ತಿದಿಯ ಗಾಳಿ ನೇರವಾಗಿ ಬಡಿಯುವ ಜಾಗಕ್ಕೆ ತೂರಿಸಬೇಡಿ. ಅಲ್ಲಿ ಆಮ್ಲಜನಕ ಹೆಚ್ಚಿದ್ದು ಮೇಲ್ಮೈಯಲ್ಲಿ ಕಪ್ಪು ಪೊರೆ ದಟ್ಟವಾಗಿ ಕಟ್ಟುತ್ತದೆ. ಕೆಂಡದ ನಡುಭಾಗದಲ್ಲಿ ಅಡ್ಡಲಾಗಿ ಮಲಗಿಸಿ. ತುದಿಯಿಂದ ಬಿಳಿ ಕಿಡಿಗಳು ಸಿಡಿಯತೊಡಗಿದರೆ ಉಕ್ಕು ಉರಿಯುತ್ತಿದೆ ಎಂದರ್ಥ. ಉರಿದ ಭಾಗವನ್ನು ಕತ್ತರಿಸಿ ಎಸೆಯುವುದೇ ದಾರಿ.

ಸಲಾಕೆಯ ಹಿಡಿಯಿಂದ ಆರಂಭಿಸಿ. ಹಿಡಿಯ ತುದಿಯನ್ನು ಬಡಿದು ಮೊನೆ ಎಳೆಯುವುದು ಮೊದಲ ಪಾಠ, ಮತ್ತು ಕಮ್ಮಾರಿಕೆಯಲ್ಲಿ ಇದಕ್ಕಿಂತ ದೊಡ್ಡ ಪಾಠ ಬಹಳ ಇಲ್ಲ. ಸುತ್ತಿಗೆಯ ಏಟಿನಿಂದ ಕಬ್ಬಿಣ ಕಳೆದುಹೋಗುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೆ. ಚೌಕ ಸರಳಿನ ಕೊನೆಯ 50 ಮಿಲಿಮೀಟರನ್ನು ಚೂಪು ಮೊನೆಯಾಗಿ ಎಳೆದರೆ ಅದು ಸುಮಾರು 150 ಮಿಲಿಮೀಟರ್ ಉದ್ದವಾಗುತ್ತದೆ. ಒಂದೇ ಬುಡ, ಒಂದೇ ಎತ್ತರದ ಚೌಕ ಕಂಬದ ಗಾತ್ರದಲ್ಲಿ ಮೂರನೇ ಒಂದು ಪಾಲು ಮಾತ್ರ ಪಿರಮಿಡ್ಡಿನದು, ಆದ್ದರಿಂದಲೇ ಈ ಮೂರು ಪಟ್ಟು. ಈ ಲೆಕ್ಕ ತಲೆಗೆ ಹತ್ತಿದ ದಿನ ‘ಎಷ್ಟು ಉದ್ದದ ಸರಳು ಬೇಕು’ ಎಂಬ ಪ್ರಶ್ನೆಗೆ ನೀವೇ ಉತ್ತರ ಕಂಡುಕೊಳ್ಳುತ್ತೀರಿ. ಸುರುಳಿ ಸುತ್ತುವುದಕ್ಕಾಗಲಿ ಕೊಕ್ಕೆ ಬಾಗಿಸುವುದಕ್ಕಾಗಲಿ ಬೇಕಾದ ಅಳತೆ ಈ ಲೆಕ್ಕದಿಂದಲೇ ಹೊರಡುತ್ತದೆ.

ಮೊನೆಯನ್ನು ಎಳೆಯುವಾಗ ತುದಿಯಿಂದಲೇ ಶುರು ಮಾಡಿ, ಹಿಂದಕ್ಕೆ ಸಾಗಿ. ಸರಳನ್ನು ಅಡಿಗಲ್ಲಿನ ದೂರದ ಅಂಚಿನ ಬಳಿ ತುಸು ಓರೆಯಾಗಿ ಎತ್ತಿ ಹಿಡಿದು, ಸುತ್ತಿಗೆಯನ್ನೂ ಅದೇ ಓರೆಯಲ್ಲಿ ಇಳಿಸಬೇಕು. ಎರಡು ಏಟು, ಕಾಲು ಸುತ್ತು ತಿರುವು, ಮತ್ತೆ ಎರಡು ಏಟು. ಎರಡೇ ಮುಖಗಳ ಮೇಲೆ ಬಡಿದರೆ ಸಾಕು, ಉಳಿದೆರಡನ್ನು ಅಡಿಗಲ್ಲು ಕೆಳಗಿನಿಂದ ಬಡಿಯುತ್ತದೆ. ಅಡ್ಡಕೊಯ್ತ ಚೌಕವಾಗಿಯೇ ಉಳಿಯಬೇಕು. ವಜ್ರಾಕೃತಿಗೆ ವಾಲಿತೆಂದು ಕಂಡರೆ ಕೂಡಲೇ ಉದ್ದನೆಯ ಮೂಲೆಯನ್ನು ಮೇಲೆ ಮಾಡಿ ಮೆಲ್ಲಗೆ ತಟ್ಟಿ ಸರಿಪಡಿಸಿ. ಬಿಟ್ಟರೆ ಪ್ರತಿ ಏಟಿಗೂ ಅದು ಇನ್ನಷ್ಟು ವಾಲುತ್ತದೆ. ಗುಂಡಗಿನ ಮೊನೆ ಬೇಕಿದ್ದರೂ ಮೊದಲು ಚೌಕ, ನಂತರ ನಾಲ್ಕು ಅಂಚು ತಟ್ಟಿ ಎಂಟು ಮುಖ, ಕೊನೆಗೆ ಗುಂಡು. ಆರಂಭದಿಂದಲೇ ಗುಂಡಗೆ ಬಡಿದರೆ ಒಳಗಿನ ಕಬ್ಬಿಣ ಸಡಿಲಗೊಂಡು ನಡುವೆ ಬಿರುಕು ಹುಟ್ಟುತ್ತದೆ. ಮೆಲುವಾದ ಏಟುಗಳೂ ಅಪಾಯವೇ. ಅವು ಮೇಲ್ಮೈಯನ್ನು ಮಾತ್ರ ಮುಂದಕ್ಕೆ ತಳ್ಳುತ್ತವೆ, ತಿರುಳು ಹಿಂದುಳಿದು ತುದಿಯಲ್ಲಿ ಮೀನಿನ ಬಾಯಿಯಂಥ ಗುಳಿ ಉಂಟಾಗುತ್ತದೆ.

ಮೊನೆ ಸಿದ್ಧವಾದ ಮೇಲೆ ಅದರ ತುದಿಯನ್ನು ಪುಟ್ಟ ಸುರುಳಿಯಾಗಿ ಸುತ್ತಿ, ಅಡಿಗಲ್ಲಿನ ಕೊಂಬಿನ (ಮುಂದಕ್ಕೆ ಚಾಚಿದ ದುಂಡು ಮೂತಿಯ) ಮೇಲೆ ಹಿಡಿಯ ಕುಣಿಕೆಯನ್ನು ಬಾಗಿಸಿ. ಬಾಗಿಸುವ ಏಟು ಕೊಂಬಿಗೆ ತಗುಲಿದ ಜಾಗಕ್ಕಿಂತ ಸ್ವಲ್ಪ ಆಚೆ ಬೀಳಬೇಕು. ನೇರವಾಗಿ ಕೊಂಬಿನ ಮೇಲೆ ಬಿದ್ದರೆ ಸರಳು ಬಾಗುವ ಬದಲು ತೆಳ್ಳಗಾಗುತ್ತದೆ.

ಹಿಡಿಯ ಕೆಳಗೆ ತಿರುಚು. ಚೌಕ ಸರಳಿನ ಅಂಚುಗಳು ಹಗ್ಗದ ಹುರಿಯಂತೆ ಸುತ್ತಿಕೊಳ್ಳುವುದನ್ನು ನೋಡುವುದೇ ಒಂದು ಖುಷಿ. ಬೆಂಕಿಯನ್ನು ಓದಲು ಇದಕ್ಕಿಂತ ಒಳ್ಳೆಯ ಗುರು ಇಲ್ಲ. ತಿರುಚಬೇಕಾದ ಭಾಗವನ್ನು ಒಂದೇ ಸಮನಾಗಿ ಕಾಯಿಸಿ, ಒಂದು ಕಡೆ ವೈಸ್‌ನಲ್ಲಿ ಬಿಗಿದು, ಇನ್ನೊಂದು ಕಡೆ ಸ್ಪ್ಯಾನರ್ ಹಾಕಿ ತಿರುಗಿಸಿ. ಹೆಚ್ಚು ಕಾದ ಜಾಗ ಹೆಚ್ಚು ತಿರುಚಿಕೊಳ್ಳುತ್ತದೆ, ಕಡಿಮೆ ಕಾದದ್ದು ಸುಮ್ಮನಿರುತ್ತದೆ. ಅಂದರೆ ನಿಮ್ಮ ಕಾವು ಎಲ್ಲಿ ಏರುಪೇರಾಗಿತ್ತು ಎಂಬ ವರದಿ ಸರಳಿನ ಮೇಲೆಯೇ ಶಾಶ್ವತವಾಗಿ ಬರೆದಿರುತ್ತದೆ. ಒಂದು ಕಡೆ ವೇಗವಾಗಿ ಬಿಗಿಯುತ್ತಿದ್ದರೆ ಅಲ್ಲಿಗೆ ಸ್ವಲ್ಪ ನೀರು ಹನಿಸಿ ತಡೆಯಬಹುದು. ಮೆದು ಉಕ್ಕಾದ್ದರಿಂದ ತೊಂದರೆಯಿಲ್ಲ. ಇದೇ ಕೆಲಸವನ್ನು ಚಾಕುವಿನ ಉಕ್ಕಿನ ಮೇಲೆ ಮಾಡಿದರೆ ನೀರು ಬಿದ್ದ ಜಾಗ ಗಡುಸಾಗಿ ಮುರಿಯುತ್ತದೆ. ತಿರುಚಿದ ಭಾಗ ಡೊಂಕಾದರೆ ಮತ್ತೆ ಕಾಯಿಸಿ ಮರದ ದಿಮ್ಮಿಯ ಮೇಲೆ ಮರದ ಸುತ್ತಿಗೆಯಿಂದ ನೆಟ್ಟಗೆ ಮಾಡಿ. ಕಬ್ಬಿಣದ ಸುತ್ತಿಗೆ ಅಂಚುಗಳನ್ನು ಚಪ್ಪಟೆ ಮಾಡಿಬಿಡುತ್ತದೆ.

ಇನ್ನೊಂದು ತುದಿಯಲ್ಲಿ ಕೊರಡನ್ನು ತಳ್ಳಲು ಮೊನೆ, ಎಳೆಯಲು ಕೊಕ್ಕೆ ಬೇಕು. ಹಳೆಯ ವಿಧಾನದಲ್ಲಿ ಕೊಕ್ಕೆಯನ್ನು ಪ್ರತ್ಯೇಕ ತುಂಡಾಗಿ ಮಾಡಿ ಕುಲುಮೆಯಲ್ಲೇ ಬೆಸೆಯುತ್ತಿದ್ದರು. ಅಂದಿನ ಮೆತು ಕಬ್ಬಿಣದೊಳಗೆ ಎಳೆಎಳೆಯಾಗಿ ಕಿಟ್ಟ ಸೇರಿರುತ್ತಿತ್ತು, ಬೆಸೆಯುವಾಗ ಅದು ಕರಗಿ ಮೇಲ್ಮೈಯನ್ನು ಶುಚಿಯಾಗಿಡಲು ನೆರವಾಗುತ್ತಿತ್ತು. ಇಂದಿನ ಮೆದು ಉಕ್ಕಿನಲ್ಲಿ ಆ ಅನುಕೂಲವಿಲ್ಲ. ಬಿಳಿಗಾರ ಉದುರಿಸಿ, ಸುಮಾರು 1250 ಡಿಗ್ರಿ ದಾಟಿದ ಕಾವಿನಲ್ಲಿ, ಉರಿದುಹೋಗುವ ಮುನ್ನ ಚುರುಕಾಗಿ ಕೂಡಿಸಬೇಕು. ಆ ಬೆಸುಗೆಯನ್ನು ಮೂರನೆಯದೋ ನಾಲ್ಕನೆಯದೋ ಸಲಾಕೆಗೆ ಇಟ್ಟುಕೊಳ್ಳಿ. ಮೊದಲನೆಯದಕ್ಕೆ ಸೀಳುವ ವಿಧಾನ ಸಾಕು. ತುದಿಯಿಂದ 70 ಮಿಲಿಮೀಟರ್ ದೂರದಲ್ಲಿ, ಸರಳು ತಣ್ಣಗಿರುವಾಗಲೇ, 5 ಮಿಲಿಮೀಟರ್ ತೂತು ಕೊರೆಯಿರಿ, ನಂತರ ಕಾಯಿಸಿ ತೂತಿನಿಂದ ತುದಿಯವರೆಗೆ ಚಾಣದಿಂದ ಸೀಳಿ. ತೂತು ಇಲ್ಲದಿದ್ದರೆ ಸೀಳು ಮುಂದೆ ಓಡುವ ಅಪಾಯವಿದೆ. ಸರಳಿನ ಕೆಳಗೆ ಮೆದು ತಗಡನ್ನು ಇಟ್ಟುಕೊಳ್ಳಿ, ಇಲ್ಲವಾದರೆ ಚಾಣದ ಬಾಯಿ ಮತ್ತು ಅಡಿಗಲ್ಲಿನ ಮುಖ ಎರಡೂ ಹಾಳು. ಮೂರು ನಾಲ್ಕು ಏಟಿಗೊಮ್ಮೆ ಚಾಣವನ್ನು ನೀರಿಗೆ ಅದ್ದಿ. ಸೀಳಿದ ಎರಡು ಕವಲುಗಳಲ್ಲಿ ಒಂದನ್ನು ನೇರ ಮೊನೆಯಾಗಿ ಎಳೆದು ಇನ್ನೊಂದನ್ನು ಹೊರಕ್ಕೆ ಬಾಗಿಸಿದರೆ ಸಲಾಕೆ ಮುಗಿಯಿತು. ಕವಲೊಡೆದ ಒಳಮೂಲೆಯನ್ನು ಅರದಿಂದ ಉಜ್ಜಿ ದುಂಡಗೆ ಮಾಡುವುದನ್ನು ಮರೆಯಬೇಡಿ, ಬಿರುಕು ಹುಟ್ಟುವುದು ಅಲ್ಲಿಯೇ.

ಇಲ್ಲಿಗೆ ನಿಲ್ಲಿಸಿ, ಇನ್ನೊಂದು ಸಲಾಕೆ ಮಾಡಿ. ಸಲಿಕೆಗೆ ಹೋಗುವ ಆತುರ ಬೇಡ. ಎರಡನೆಯದನ್ನು ಮೊದಲನೆಯದರ ಪಕ್ಕದಲ್ಲಿಟ್ಟು ಅದರಂತೆಯೇ ಮಾಡಲು ನೋಡಿ: ಅಷ್ಟೇ ದೊಡ್ಡ ಕುಣಿಕೆ, ಅಷ್ಟೇ ತಿರುಚು, ಅಷ್ಟೇ ಉದ್ದ. ಒಂದು ಚೆಂದದ ವಸ್ತು ಆಕಸ್ಮಿಕವಾಗಿಯೂ ಆಗಿಬಿಡಬಹುದು, ಜೋಡಿ ಹಾಗೆ ಆಗುವುದಿಲ್ಲ. ಈ ಸಲಕರಣೆಗಳನ್ನು ನಾನು ಇಷ್ಟು ಒತ್ತಿ ಶಿಫಾರಸು ಮಾಡುವುದು ಇದಕ್ಕಾಗಿಯೇ. ಅವು ಗುಂಪಾಗಿ ಒಂದೇ ನಿಲುಗಂಬಕ್ಕೆ ತೂಗುಹಾಕುವಂಥವು, ಎಲ್ಲದರ ಹಿಡಿಯೂ ಒಂದೇ ಆಗಿರಬೇಕೆಂದು ಕಣ್ಣು ಕೇಳುತ್ತದೆ. ಹೀಗಾಗಿ ಮೊನೆ, ಸುರುಳಿ, ಕುಣಿಕೆ, ತಿರುಚು ಎಲ್ಲವನ್ನೂ ಹಲವು ಬಾರಿ ಅಳತೆಗೆ ಮಾಡದೆ ವಿಧಿಯಿಲ್ಲ. ಅಡಿಗಲ್ಲಿನ ಬದಿಯಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿಕೊಳ್ಳುವುದು, ಯಾವ ಕಾವಿನಲ್ಲಿ ಯಾವ ಕೆಲಸ ಎಂದು ಬರೆದಿಟ್ಟುಕೊಳ್ಳುವುದು ಈಗಲೇ ರೂಢಿಯಾಗಲಿ.

ಬೂದಿ ಸಲಿಕೆ ಕಲಿಸುವುದು ಅಗಲಿಸುವ ವಿದ್ಯೆಯನ್ನು. ಸುತ್ತಿಗೆಯ ಕಿರಿದಾದ ಅಡ್ಡ ಮೂತಿಯಿಂದ ಬಡಿದರೆ ಕಬ್ಬಿಣ ಆ ಮೂತಿಗೆ ಲಂಬವಾಗಿ ಸರಿಯುತ್ತದೆ. ಮೂತಿಯನ್ನು ಸರಳಿನ ಉದ್ದಕ್ಕೆ ಸಮಾನಾಂತರವಾಗಿ ಹಿಡಿದರೆ ಅಗಲವಾಗುತ್ತದೆ, ಅಡ್ಡಲಾಗಿ ಹಿಡಿದರೆ ಉದ್ದವಾಗುತ್ತದೆ. ಹಿಡಿಯ ಕೆಳತುದಿಯನ್ನು 4 ಮಿಲಿಮೀಟರ್ ದಪ್ಪಕ್ಕೆ ಹೀಗೆ ಹರಡಬೇಕು. ಅಗಲ ಸಾಲದೆ ಬಂದರೆ, ಹರಡುವ ಮೊದಲೇ ತುದಿಯನ್ನು ಕಾಯಿಸಿ ಸರಳನ್ನು ನೆಟ್ಟಗೆ ನಿಲ್ಲಿಸಿ, ಅಡಿಗಲ್ಲಿನ ಮೇಲೆ ಕುಟ್ಟಿ ದಪ್ಪ ಮಾಡಿಕೊಳ್ಳಿ. ಕಾವು ತುದಿಯಲ್ಲಷ್ಟೇ ಇರಬೇಕು, ಮೇಲಕ್ಕೆ ಏರಿದರೆ ಸರಳು ನಡುವೆ ಬಾಗುತ್ತದೆ. ಸಲಿಕೆಯ ತಟ್ಟೆಗೆ 2 ಮಿಲಿಮೀಟರ್ ತಗಡು ಸಾಕು. ಮೂರು ಬದಿ ಮಡಚಿ, ಮುಂದಿನ ಬದಿಯನ್ನು ತೆರೆದಿಟ್ಟು, 6 ಮಿಲಿಮೀಟರಿನ ಎರಡು ರಿವೆಟ್‌ಗಳಿಂದ ಹಿಡಿಗೆ ಜೋಡಿಸಿ. ಒಂದೇ ರಿವೆಟ್ ಆದರೆ ತಟ್ಟೆ ತಿರುಗುತ್ತದೆ. ತಲೆ ಕಟ್ಟಲು ರಿವೆಟ್‌ನ ವ್ಯಾಸದ ಒಂದೂವರೆ ಪಟ್ಟು, ಅಂದರೆ 9 ಮಿಲಿಮೀಟರ್, ಹೊರಗೆ ಚಾಚಿರಬೇಕು.

ಇಕ್ಕಳವನ್ನು ಕೊನೆಗೆ ಇಟ್ಟುಕೊಳ್ಳಿ. ಅದರ ಎರಡು ತೋಳುಗಳು ಒಂದಕ್ಕೊಂದು ಕನ್ನಡಿಯ ಬಿಂಬದಂತೆ ಇರಬೇಕೆಂದು ಅನೇಕರು ಭಾವಿಸಿ ಎಡ-ಬಲ ಮಾಡಿಬಿಡುತ್ತಾರೆ, ಆಮೇಲೆ ಅವು ಕೂಡುವುದಿಲ್ಲ. ಕತ್ತರಿಯಂತೆ ಅಡ್ಡ ಹಾಯುವ ಸಾಮಾನ್ಯ ಇಕ್ಕಳದಲ್ಲಿ ಎರಡೂ ತುಂಡುಗಳು ಒಂದೇ. ಒಂದನ್ನು ಮಗುಚಿ ಇನ್ನೊಂದರ ಮೇಲೆ ಇಟ್ಟಾಗ ಜೋಡಿಯಾಗುತ್ತದೆ. ಒಂದು ತೋಳನ್ನು ಪೂರ್ತಿ ಮುಗಿಸಿ ಇನ್ನೊಂದನ್ನು ಎತ್ತಿಕೊಳ್ಳಬೇಡಿ. ಪ್ರತಿ ಹಂತವನ್ನೂ ಎರಡಕ್ಕೂ ಬೆನ್ನುಬೆನ್ನಿಗೆ ಮಾಡಿ. ಕೀಲಿನ ರಿವೆಟ್ಟನ್ನು ಕಾಯಿಸಿ ಬಡಿದ ಕೂಡಲೇ, ಅದು ಇನ್ನೂ ಕೆಂಪಗಿರುವಾಗಲೇ, ತೋಳುಗಳನ್ನು ತೆರೆದು ಮುಚ್ಚುತ್ತಿರಿ. ತಣ್ಣಗಾಗುತ್ತ ರಿವೆಟ್ ಕುಗ್ಗಿ ಬಿಗಿಯುತ್ತದೆ, ಆ ಹೊತ್ತಿನಲ್ಲಿ ಅಲುಗಾಡಿಸದಿದ್ದರೆ ಇಕ್ಕಳ ಕಚ್ಚಿಕೊಂಡುಬಿಡುತ್ತದೆ.

ಮೈ ಕಾಯುವ ವಿಷಯ. ಕನ್ನಡಕ ಕಡ್ಡಾಯ, ಹಾರುವ ಪೊರೆ ಕಣ್ಣನ್ನೇ ಹುಡುಕುತ್ತದೆ. ಹತ್ತಿಯ ಬಟ್ಟೆ, ಚರ್ಮದ ಬೂಟು ಇರಲಿ. ನೈಲಾನ್, ಪಾಲಿಯೆಸ್ಟರ್ ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತವೆ. ಕೆಂಪು ಕಬ್ಬಿಣಕ್ಕಿಂತ ಕಪ್ಪು ಕಬ್ಬಿಣ ಹೆಚ್ಚು ಅಪಾಯಕಾರಿ: 400 ಡಿಗ್ರಿಯಲ್ಲಿ ಅದು ಹೊಳೆಯುವುದಿಲ್ಲ, ಕೈ ಸುಡುವುದು ಮಾತ್ರ ಖಚಿತ. ನೆಲದ ಮೇಲಿನ ಯಾವ ತುಂಡನ್ನೂ ಅಂಗೈಯ ಹಿಂಬದಿಯನ್ನು ಹತ್ತಿರ ಒಯ್ದು ನೋಡದೆ ಎತ್ತಬೇಡಿ. ಅಡಿಗಲ್ಲಿನ ಎತ್ತರ, ನೀವು ನೆಟ್ಟಗೆ ನಿಂತು ಮುಷ್ಟಿ ಕಟ್ಟಿ ಕೈ ಇಳಿಬಿಟ್ಟಾಗ ಗೆಣ್ಣು ತಾಗುವಷ್ಟಿರಲಿ. ಸುತ್ತಿಗೆ ಒಂದು ಕಿಲೋ ಮೀರದಿರಲಿ.

ಎಲ್ಲ ಮುಗಿದ ಮೇಲೆ ತಂತಿ ಬ್ರಶ್‌ನಿಂದ ಪೊರೆ ಕೆರೆದು, ಸಲಕರಣೆಯನ್ನು 150ರಿಂದ 200 ಡಿಗ್ರಿಯಷ್ಟು ಬೆಚ್ಚಗೆ ಮಾಡಿ, ಬಟ್ಟೆಯಿಂದ ಜೇನುಮೇಣ ಅಥವಾ ಅಗಸೆ ಎಣ್ಣೆ ತೆಳ್ಳಗೆ ಸವರಿ. ಬಣ್ಣ ಬಳಿಯಬೇಡಿ, ಬೆಂಕಿಯ ಬಳಿ ಅದು ಸುಟ್ಟು ವಾಸನೆ ಬರುತ್ತದೆ. ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯದೆ ಬಿಡಿಸಿ ಹರವಿ ಒಣಗಿಸಿ, ಏಕೆಂದರೆ ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗಿ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಕೆಂಡಕ್ಕೆ ತಾಗುವ ತುದಿಯ ಎಣ್ಣೆ ಮೊದಲ ಬಳಕೆಯಲ್ಲೇ ಹೋಗುತ್ತದೆ, ಅಲ್ಲಿ ಮತ್ತೆ ಹಚ್ಚುವ ಅಗತ್ಯವಿಲ್ಲ. ಹಿಡಿಗೆ ಮಾತ್ರ ವರ್ಷಕ್ಕೊಮ್ಮೆ ಸವರಿದರೆ ತುಕ್ಕು ಹಿಡಿಯುವುದಿಲ್ಲ.